ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ: ಯಾವ ಕಡೆ ಸೀಟು ಹಿಡೀಬೇಕು?

ಹಾಸನದ_ಹುಡುಗ: ಯಶವಂತಪುರದಿಂದ ಮಂಗಳೂರಿಗೆ ಹಗಲು ರೈಲಲ್ಲಿ ಅಪ್ಪ ಅಮ್ಮನ್ನ ಕಳಿಸ್ಬೇಕು. ಕಣಿವೆ ಯಾವ ಕಡೆ ಕಾಣುತ್ತೆ?

ನೆಟ್ಟಣದವ: ಮಂಗಳೂರಿಗೆ ಹೋಗುವಾಗ ಬಹುಪಾಲು ಬಲಗಡೆ. ಕೆಂಪುಹೊಳೆ, ಅದರಾಚೆ ಶಿರಾಡಿ ಘಾಟಿ ರಸ್ತೆ ಎಲ್ಲಾ ಆ ಕಡೆಯೇ. ಎಡಕ್ಕೆ ಕೂತ್ರೆ ಬಂಡೆ, ಜರಿಗಿಡ, ಮಳೆಗಾಲದಲ್ಲಿ ಕಿಟಕಿಗೇ ಸಿಡಿಯೋ ಝರಿ. ವಿಸ್ಟಾಡೋಮ್ (ದೊಡ್ಡ ಗಾಜಿನ ಕಿಟಕಿಗಳ) ಬೋಗಿಯಲ್ಲಾದ್ರೆ ಸೀಟೇ ತಿರುಗುತ್ತೆ, ಈ ತಲೆಬಿಸಿ ಇಲ್ಲ.

ದೋಣಿಗಲ್: ಸುಮಾರು 55 ಕಿ.ಮೀ. ದಾರಿ, 57 ಸುರಂಗ. ಸುರಂಗದ ಬಾಯಲ್ಲಿ ಫೋಟೋ ತೆಗೆಯೋಕೆ ಹೋದ್ರೆ ಕ್ಯಾಮೆರಾ ಬೆಳಕಿಗೆ ಹೊಂದಿಕೊಳ್ಳೋದ್ರೊಳಗೆ ಮತ್ತೆ ಕತ್ತಲು; ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳೋ ಬೆಳಕಿನ ಮಟ್ಟ) ಲಾಕ್ ಮಾಡಿಟ್ಕೊಳ್ಳಿ. ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ, ಸುರಂಗದ ಗೋಡೆ ಕೈಗೆಟುಕುವಷ್ಟು ಹತ್ತಿರ.

ಹಾಸನದ_ಹುಡುಗ: ಘಾಟಿಯಲ್ಲಿ ರೈಲು ತುಂಬಾ ನಿಧಾನ ಹೋಗುತ್ತಂತೆ, ಯಾಕೆ?

ನೆಟ್ಟಣದವ: ಇಳಿಜಾರು 50ಕ್ಕೆ 1. ಅಂದ್ರೆ 50 ಮೀಟರ್ ಸಾಗಿದ್ರೆ 1 ಮೀಟರ್ ಇಳಿತ. ವೇಗ ಹೆಚ್ಚಾದ್ರೆ ಬ್ರೇಕ್ ಕೈಕೊಡುತ್ತೆ, ಅದಕ್ಕೇ ಗಂಟೆಗೆ 30 ಕಿ.ಮೀ. ಮಿತಿ. ಹತ್ತುವಾಗ ಹಿಂದೆ ಬ್ಯಾಂಕರ್ ಇಂಜಿನ್ ತಳ್ಳುತ್ತೆ.

ದೋಣಿಗಲ್: ಜುಲೈನಲ್ಲಾದ್ರೆ ಹೊರಡೋ ಮುಂಚೆ ವಿಚಾರಿಸಿ, ಮಣ್ಣು ಕುಸಿದ್ರೆ ರೈಲೇ ರದ್ದು. ಇನ್ನೊಂದು, ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರೋದು ನೆಟ್ಟಣದಲ್ಲಿ. ದೇವಸ್ಥಾನಕ್ಕೆ ಅಲ್ಲಿಂದ ಮತ್ತೆ ಜೀಪೋ ಬಸ್ಸೋ ಹಿಡೀಬೇಕು.