ಡಿಕ್ಕಿಯ ಪೆಟ್ಟಿಗೆ ಪಂಪ್ ಶೆಡ್ಡಿನಲ್ಲಿ ಎಂತ ಮಾಡುತ್ತಿದೆ?

ವಾಟ್ಸಾಪ್ ಗುಂಪು: ಮೂಲಮನೆ ಪದ್ಮಿನಿ (ಐದು ಮನೆಗೆ ಸೇರಿದ ಹಳೇ ಪ್ರೀಮಿಯರ್ ಪದ್ಮಿನಿ ಕಾರಿನದ್ದು)

ನಾನು: ಕಾರಿನ ಡಿಕ್ಕಿಯಲ್ಲಿದ್ದ ಅಜ್ಜನ ಟೂಲ್ ಪೆಟ್ಟಿಗೆ ಯಾರ ಮನೆಯಲ್ಲಿ ಉಂಟು? ಭಾನುವಾರ ದಿಬ್ಬಣ. ನೀರ್ಚಾಲಿನಿಂದ ಸುಳ್ಯದವರೆಗೆ ನಾನೇ ಓಡಿಸುವುದು. ಇವತ್ತು ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿ, ಜಾಕ್ ಬಿಟ್ಟು ಬೇರೆ ಎಂತದೂ ಇಲ್ಲ.

ಅಪ್ಪಚ್ಚಿ (ಚಿಕ್ಕಪ್ಪ): ನಮ್ಮ ಪಂಪ್ ಶೆಡ್ಡಿನಲ್ಲಿ ಉಂಟು. ಕಳೆದ ಮಳೆಗಾಲ ಅಡಿಕೆಗೆ ಮದ್ದು ಬಿಡುವಾಗ ತಂದದ್ದು.

ನಾನು: ಈಗ ಏಪ್ರಿಲ್, ಅಪ್ಪಚ್ಚಿ.

ಅಪ್ಪಚ್ಚಿ: ಕಾರು ನಿಂತಲ್ಲೇ ನಿಂತಿತ್ತಲ್ಲ ಕೂಸೇ. ಸ್ಪ್ಯಾನರ್ ಅಲ್ಲಿ ಸುಮ್ನೆ ಮಲಗಿ ಯಾರಿಗೆ ಲಾಭ? ಆ ಪೆಟ್ಟಿಗೆ ಮನೆಯ ಸೊತ್ತು, ಕಾರಿನದ್ದಲ್ಲ. ಅಂಬಾಸಿಡರ್ ಇದ್ದ ಕಾಲದ್ದು ಅದು. ಆಗ ಈ ಪದ್ಮಿನಿ ಬಂದೇ ಇರಲಿಲ್ಲ.

ಅತ್ತೆ (ಪುತ್ತೂರು): ಪೆಟ್ಟಿಗೆ ಎಲ್ಲಿದೆಯೋ ಅಲ್ಲೇ ಇರಲಿ ಮಾರಾಯ್ರೆ. ಡಿಕ್ಕಿಯಲ್ಲಿ ಹೋಳಿಗೆ ಡಬ್ಬ, ಹಣ್ಣಿನ ಬುಟ್ಟಿ, ನನ್ನ ಸೀರೆಯ ಸೂಟ್‌ಕೇಸ್ ಇಡಬೇಕು. ಎಣ್ಣೆ ತಾಗಿದರೆ ಆ ಕಲೆ ಹೋಗುವುದುಂಟಾ?

ತಮ್ಮ (ಬೆಂಗಳೂರು): ಅಕ್ಕ, ಈಗ ಯಾರು ರಸ್ತೆಬದಿಯಲ್ಲಿ ಕೂತು ರಿಪೇರಿ ಮಾಡುತ್ತಾರೆ? ಆ್ಯಪ್‌ನಲ್ಲಿ ಒತ್ತಿದರೆ ಗಾಡಿ ಎಳೆಯುವವರು ಬರುತ್ತಾರೆ. ಫೋನು, ಪವರ್ ಬ್ಯಾಂಕ್, ದುಡ್ಡು. ಇಷ್ಟೇ ಕಿಟ್.

ನಾನು: ನೀನು ಬೆಂಗಳೂರಿನಲ್ಲಿ ಕೂತು ಹೇಳುತ್ತೀ. ನಾವು ಹೋಗುವುದು ಚೆರ್ಕಳ–ಜಾಲ್ಸೂರು ರಸ್ತೆ. ಮುಳ್ಳೇರಿಯ ದಾಟಿ ಆದೂರಿನಿಂದ ಆಚೆ ಕಾಡಿನ ನಡುವೆ ಫೋನಿನಲ್ಲಿ ಎಷ್ಟು ಕಡ್ಡಿ ಬರುತ್ತದೆ ಅಂತ ಹೋದವರಿಗೆ ಗೊತ್ತು. ನಮ್ಮ ಕಾರಿಗೆ ಇರುವುದು ಬರೀ ಥರ್ಡ್ ಪಾರ್ಟಿ ವಿಮೆ, ಅದರಲ್ಲಿ ರಸ್ತೆಬದಿ ಸಹಾಯ ಇಲ್ಲ. ಇನ್ನು ಬಂದ ಹುಡುಗ ಎಂತ ಮಾಡುತ್ತಾನೆ? ಬಾನೆಟ್ ತೆಗೆದು, ಈಗಿನ ಕಾರಿನಲ್ಲಿ ಇಲ್ಲದ ಕಾರ್ಬ್ಯುರೇಟರ್ ನೋಡಿ ಒಂದು ಫೋಟೋ ತೆಗೆದುಕೊಳ್ಳುತ್ತಾನೆ. ದೋಷ ಹುಡುಕುವ ಅವನ ಸ್ಕ್ಯಾನರ್ ಚುಚ್ಚಲಿಕ್ಕೆ ಈ ಕಾರಿನಲ್ಲಿ ತೂತೇ ಇಲ್ಲ.

ಭಾವ (ಮುಂಬೈ): ಹಾಹಾ. ಅದು ಸರಿ.

ಅಪ್ಪಚ್ಚಿ: ಆ ಪೆಟ್ಟಿಗೆಯ ಅರ್ಧ ಸ್ಪ್ಯಾನರ್ ಪದ್ಮಿನಿಗೆ ಕೂರುವುದೇ ಇಲ್ಲ. ಅದು ಬೇಡವಾ ನಿನ್ನ ಲೆಕ್ಕಕ್ಕೆ? ಅಂಬಾಸಿಡರ್ ಇಂಗ್ಲಿಷರ ಮೋರಿಸ್, ಇಂಚಿನ ಅಳತೆ. ಪದ್ಮಿನಿ ಇಟಲಿಯ ಫಿಯೆಟ್, ಮಿಲಿಮೀಟರ್.

ನಾನು: ಬೇಕು, ಅದನ್ನೇ ನಾನೂ ಹೇಳುವುದು. ಇಂಚಿನದ್ದು ಎಲ್ಲ ನೀವೇ ಇಟ್ಟುಕೊಳ್ಳಿ, ಪಂಪಿಗೋ ಮೋಟರಿಗೋ ಆಗುತ್ತದೆ. ನನಗೆ 8ರಿಂದ 17ರವರೆಗಿನ ಮಿಲಿಮೀಟರ್ ಸೆಟ್ಟು ಮತ್ತು ಪ್ಲಗ್ ಸ್ಪ್ಯಾನರ್ ಕೊಡಿ. ಕಾಲಿಗೆ ಬೀಳುತ್ತೇನೆ, ಮೈಲುತುತ್ತಿನ ಬಕೆಟ್ ಹತ್ತಿರ ಮಾತ್ರ ಅದನ್ನು ಇಡಬೇಡಿ. ಮೈಲುತುತ್ತಿನ ಬೋರ್ಡೋ ದ್ರಾವಣ ತಾಗಿದ ಕಬ್ಬಿಣ ಎಷ್ಟು ಬೇಗ ತಿಂದು ಹೋಗುತ್ತದೆ ಅಂತ ಅಡಿಕೆ ಬೆಳೆಯುವವರಿಗೆ ನಾನು ಹೇಳಬೇಕಾ?

ಅಪ್ಪಚ್ಚಿ: ಒರೆಸಿಯೇ ಇಟ್ಟಿದ್ದೇನೆ.

ದೊಡ್ಡಮ್ಮ: ಫೋಟೋ ಹಾಕು ನೋಡುವ.

ಅಪ್ಪಚ್ಚಿ: (ಫೋಟೋ)

ದೊಡ್ಡಮ್ಮ: ಹಸಿರು ಕಾಣುತ್ತದಲ್ಲ.

ಅಪ್ಪಚ್ಚಿ: ಈ ಸಂದೇಶವನ್ನು ಅಳಿಸಲಾಗಿದೆ

ಭಾವ (ಮುಂಬೈ): ಸ್ಪ್ಯಾನರ್ ಎಲ್ಲಿಯೂ ಸಿಗುತ್ತದೆ, ಅದಕ್ಕೆ ಜಗಳ ಬೇಡ. ಸಾಮಾನು ಸಿಗುವುದು ಕಷ್ಟ. ಈ ಕಾರು ಹುಟ್ಟಿದ್ದೇ ಇಲ್ಲಿ, ಕುರ್ಲಾದ ಫ್ಯಾಕ್ಟರಿಯಲ್ಲಿ. ಅಲ್ಲೇ ಹತ್ತಿರ ಸಿ.ಎಸ್.ಟಿ. ರೋಡಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ ಮೊದಲು ಏನು ಬೇಕಾದರೂ ಸಿಗುತ್ತಿತ್ತು. ಟ್ಯಾಕ್ಸಿಗಳು ಇದ್ದವಲ್ಲ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಗಳೂ ರಸ್ತೆಯಿಂದ ಇಳಿದವು. ಇನ್ನು ಯಾವ ಅಂಗಡಿಯವ ಹೊಸ ಮಾಲು ತರಿಸುತ್ತಾನೆ? ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟ್, ಕಂಡೆನ್ಸರ್, ರೋಟರ್ ಎರಡೆರಡು ಸೆಟ್ ನಾನು ಕೊರಿಯರ್ ಮಾಡುತ್ತೇನೆ. ಹೊಸ ಪ್ಯಾಕ್ ಒಡೆಯದೆ ಹಾಗೆಯೇ ಪೆಟ್ಟಿಗೆಯಲ್ಲಿ ಇಡಿ, ಬೇಕಾದಾಗ ತೆಗೆದರೆ ಆಯ್ತು.

ನಾನು: ಕಳಿಸಿ ಭಾವ, ಉಪಕಾರ. ಆದರೆ ಪ್ಯಾಕ್ ಒಡೆಯದೆ ಇಡುವುದಕ್ಕೆ ನಾನು ಒಪ್ಪುವುದಿಲ್ಲ. ಹೊಸದನ್ನು ಈಗಲೇ ಕಾರಿಗೆ ಹಾಕಿ ನಾಲ್ಕು ದಿನ ಓಡಿಸುತ್ತೇನೆ, ಕಾರಿನಲ್ಲಿ ಇದ್ದ, ಚೆನ್ನಾಗಿ ಓಡುತ್ತಿದ್ದ ಹಳೆಯದು ಪೆಟ್ಟಿಗೆಗೆ ಹೋಗಬೇಕು. ಯಾಕೆಂದರೆ ಈಗ ಬರುವ ಕಂಡೆನ್ಸರ್ ನಂಬಲಿಕ್ಕೆ ಆಗುವುದಿಲ್ಲ, ಪ್ಯಾಕಿನಿಂದ ತೆಗೆಯುವಾಗಲೇ ಕೆಟ್ಟಿರಬಹುದು. ಕಾಡಿನಲ್ಲಿ ಕೆಟ್ಟದ್ದನ್ನು ತೆಗೆದು ಇನ್ನೊಂದು ಕೆಟ್ಟದ್ದನ್ನು ಹಾಕಿ ಕೂತರೆ, ತಪ್ಪು ಬೇರೆ ಎಲ್ಲೋ ಉಂಟು ಅಂತ ಪೆಟ್ರೋಲ್ ಪೈಪು, ಕಾಯಿಲ್ ಎಲ್ಲ ಬಿಚ್ಚುತ್ತಾ ಕತ್ತಲಾಗುತ್ತದೆ. ಹಳೆಯದು ಓಡುತ್ತದೆ ಅಂತ ಗೊತ್ತಲ್ಲ, ಅದೇ ಒಳ್ಳೆಯ ಸ್ಪೇರ್.

ತಮ್ಮ (ಬೆಂಗಳೂರು): ಕಂಡೆನ್ಸರ್ ಹೋದದ್ದು ಅಂತ ಗೊತ್ತಾಗುವುದು ಹೇಗೆ?

ನಾನು: ಬಿಸಿಯಾದ ಮೇಲೆ ಎಂಜಿನ್ ಕೆಮ್ಮುತ್ತದೆ, ತಣ್ಣಗಾದರೆ ಸ್ವಲ್ಪ ಹೊತ್ತು ಸರಿ, ಮತ್ತೆ ಕೆಮ್ಮು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟ್ ನೋಡಿದರೆ ಸುಟ್ಟು ಕಪ್ಪಾಗಿರುತ್ತದೆ. ಪಾಯಿಂಟ್ ಉಜ್ಜಲು ಸಣ್ಣ ಫೈಲ್ ಒಂದು, ಗ್ಯಾಪ್ ನೋಡಲು ಫೀಲರ್ ಗೇಜ್ ಒಂದು ಬೇಕು. ಗ್ಯಾಪ್ ಅರ್ಧ ಮಿಲಿಮೀಟರಿಗಿಂತ ಒಂಚೂರು ಕಡಿಮೆ. ಅಜ್ಜ ಮದುವೆಯ ಕಾಗದ ಹರಿದು ಅದರ ತುಂಡಿನಲ್ಲಿ ಅಳೆಯುತ್ತಿದ್ದರು, ದಿಬ್ಬಣದ ದಿನ ಅದಕ್ಕೂ ಕೊರತೆ ಇಲ್ಲ ಬಿಡು.

ಅತ್ತೆ (ಪುತ್ತೂರು): ಇದೆಲ್ಲ ಸಣ್ಣ ಸಣ್ಣ ಸಾಮಾನು ಆದರೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ?

ನಾನು: ಬೇಡ ಅತ್ತೆ, ಒಪ್ಪಿದೆ. ಕ್ಯಾನ್ವಾಸ್ ಚೀಲ ಸಾಕು, ಸ್ಟೆಪ್ನಿಯ ಪಕ್ಕದ ಸಂದಿಯಲ್ಲಿ ಕೂರುತ್ತದೆ. ಒಂದು ಫ್ಯಾನ್ ಬೆಲ್ಟ್ ಅಂತೂ ಖಂಡಿತ, ಅದು ತುಂಡಾದರೆ ವಾಟರ್ ಪಂಪ್ ನಿಲ್ಲುತ್ತದೆ, ಬ್ಯಾಟರಿಗೆ ಚಾರ್ಜ್ ಹೋಗುವುದೂ ನಿಲ್ಲುತ್ತದೆ. ರೇಡಿಯೇಟರಿನ ಮೇಲಿನ ಹೋಸ್ ಒಂದು. ಅದರ ಕ್ಲಿಪ್ಪುಗಳು. ಕ್ಲಿಪ್ಪು ಎಲ್ಲಿಗೆ ಹೋಯಿತು ಅಂತ ಕೇಳುವುದಿಲ್ಲ, ಅಪ್ಪಚ್ಚಿಯ ಸ್ಪ್ರೇ ಹೋಸಿನ ಬಾಯಿಯಲ್ಲಿ ಕಾಣುತ್ತದೆ. ಬೈಂಡಿಂಗ್ ವಯರ್, ಇನ್ಸುಲೇಶನ್ ಟೇಪ್, ಕಟಿಂಗ್ ಪ್ಲೈಯರ್, ಟಾರ್ಚು. ಐದು ಲೀಟರ್ ನೀರು. ಮತ್ತೆ ಫ್ಯೂಸ್. ಈ ಕಾರಿನದ್ದು ಪಿಂಗಾಣಿ ಕಡ್ಡಿಯಂಥ ಹಳೇ ಫ್ಯೂಸ್, ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಸಿಗುವ ಚಪ್ಪಟೆ ಫ್ಯೂಸ್ ಕೂರುವುದಿಲ್ಲ. ನಮ್ಮ ಉಪ್ಪುಗಾಳಿಗೆ ಅದರ ತುದಿ ಕಿಲುಬು ಹಿಡಿಯುತ್ತದೆ. ಲೈಟ್ ಹೋಯಿತು ಅಂತ ಗಾಬರಿ ಆಗುವ ಮೊದಲು ಬೆರಳಿನಲ್ಲಿ ಒಮ್ಮೆ ತಿರುಗಿಸಿ ನೋಡಬೇಕು, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಅಪ್ಪಚ್ಚಿ: ಬಟ್ಟೆ ಮರೆತೆ.

ನಾನು: ಯಾವ ಬಟ್ಟೆ?

ಅಪ್ಪಚ್ಚಿ: ಸಂಪಾಜೆ ಘಾಟಿ ಹತ್ತುವಾಗ ಕಾರು ನಿಂತರೆ ಅಪ್ಪ ಎಂತ ಮಾಡುತ್ತಿದ್ದರು? ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬೈರಾಸು ಹಾಕಿ ಬಾನೆಟ್ ತೆರೆದಿಟ್ಟು ಎಲೆ ಅಡಿಕೆ ತಿನ್ನುತ್ತಿದ್ದರು. ಪಂಪ್ ಇರುವುದು ಎಂಜಿನಿಗೆ ತಾಗಿಕೊಂಡು. ಏಪ್ರಿಲ್ ಬಿಸಿಲಿಗೆ ಪೈಪಿನ ಒಳಗೆ ಪೆಟ್ರೋಲ್ ಆವಿಯಾಗುತ್ತದೆ, ಪಂಪ್ ಆವಿಯನ್ನು ಎಳೆಯುವುದಿಲ್ಲ. ಎಲೆ ಅಡಿಕೆ ಮುಗಿಯುವಾಗ ಕಾರು ಸ್ಟಾರ್ಟ್. ನಿನ್ನ ಚೀಲದ ಯಾವ ಸಾಮಾನೂ ಅದಕ್ಕೆ ಆಗುವುದಿಲ್ಲ.

ಭಾವ (ಮುಂಬೈ): ಮಾವನಿಗೆ ಒಂದು ಪಾಯಿಂಟ್.

ನಾನು: ಬೈರಾಸು ಸೇರಿಸಿದೆ. ಹಳೆಯದು.

ತಮ್ಮ (ಬೆಂಗಳೂರು): ಅಕ್ಕ, ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಬಿರುಕು ಬಿಡುತ್ತದಂತೆ. ಅದನ್ನು ನೋಡಿದ್ದೀಯಾ?

ನಾನು: ಎಥನಾಲ್ ತಡೆಯುವ ಹೊಸ ಪೈಪ್ ಹಾಕಿ ಆಗಿದೆ, ಒಂದು ಮೊಳ ಹೆಚ್ಚಿಗೆ ಚೀಲದಲ್ಲೂ ಇರುತ್ತದೆ. ನಿನ್ನ ಪವರ್ ಬ್ಯಾಂಕಿಗಿಂತ ಇದು ಒಳ್ಳೆಯ ಮಾತು. ಪೆಟ್ರೋಲ್ ಸೋರುವ ಭಯ ಇದ್ದರೆ ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಬೇಕೇ ಬೇಕು, ಅದು ಡಿಕ್ಕಿಯಲ್ಲಿ ಅಲ್ಲ, ಡ್ರೈವರ್ ಸೀಟಿನ ಕೈಗೆ ಸಿಗುವ ಕಡೆ. ಹೋಳಿಗೆ ಡಬ್ಬ ಸರಿಸಿ ಅದನ್ನು ಹುಡುಕುವಷ್ಟು ಹೊತ್ತು ಬೆಂಕಿ ಕಾಯುವುದಿಲ್ಲ. ಕ್ಯಾನಿನಲ್ಲಿ ಪೆಟ್ರೋಲ್ ತುಂಬಿಸಿ ಡಿಕ್ಕಿಯಲ್ಲಿ ಇಡುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ.

ದೊಡ್ಡಮ್ಮ: ಪಂಕ್ಚರ್ ಆದರೆ?

ನಾನು: ಸ್ಟೆಪ್ನಿಗೆ ಗಾಳಿ ಉಂಟು, ನೋಡಿದೆ. ಜಾಕ್ ಅಡಿಗೆ ಇಡಲು ಒಂದು ಹಲಗೆ ತುಂಡು ಬೇಕು, ರಸ್ತೆಯ ಬದಿಯ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಚಕ್ರಕ್ಕೆ ಅಡ್ಡ ಕಲ್ಲು ಎಲ್ಲಿಯೂ ಸಿಗುತ್ತದೆ, ಕಾಸರಗೋಡಿನಲ್ಲಿ ಕಲ್ಲಿಗೆ ಬರ ಇಲ್ಲ. ಹಿಂದಿನಿಂದ ಬರುವವರಿಗೆ ಕಾಣಲು ಕೆಂಪು ತ್ರಿಕೋನ ನನ್ನ ಇನ್ನೊಂದು ಕಾರಿನಿಂದ ತರುತ್ತೇನೆ.

ಅಪ್ಪಚ್ಚಿ: ಸರಿ. ನಾಳೆ ಬೆಳಗ್ಗೆ ಮಿಲಿಮೀಟರ್ ಸೆಟ್ಟು ತಂದು ಕೊಡುತ್ತೇನೆ. ಆದರೆ ಜೂನಿನಲ್ಲಿ ಮದ್ದು ಬಿಡುವಾಗ ನನಗೆ ಪುನಃ ಬೇಕು.

ನಾನು: ಇಲ್ಲ.

ಅಪ್ಪಚ್ಚಿ: ಇಲ್ಲ ಅಂದರೆ? ಐದು ಮನೆಗೂ ಸೇರಿದ್ದು ಅದು.

ನಾನು: ಕಾರೂ ಐದು ಮನೆಗೆ ಸೇರಿದ್ದೇ ಅಪ್ಪಚ್ಚಿ, ಅದರ ಒಂದು ಚಕ್ರ ಬಿಚ್ಚಿ ಗಾಡಿಗೆ ಹಾಕುತ್ತೀರಾ? ಚೀಲ ಕಾರಿನ ಜೊತೆ ಇರುತ್ತದೆ, ಕಾರು ಯಾರ ಮನೆಯಲ್ಲಿ ನಿಂತರೂ. ಸ್ಪ್ರೇ ಪಂಪಿಗೆ ಬೇಕಾದ ಕ್ಲಿಪ್ಪು, ಎರಡು ಸ್ಪ್ಯಾನರ್, ಒಂದು ಪ್ಲೈಯರ್ ಬದಿಯಡ್ಕದ ಹಾರ್ಡ್‌ವೇರ್ ಅಂಗಡಿಯಿಂದ ನಾನೇ ತಂದು ಕೊಡುತ್ತೇನೆ. ಕಾರಿನ ಖರ್ಚಿಗೆ ಅಂತ ಎಲ್ಲರೂ ಹಾಕಿದ ದುಡ್ಡಿನಿಂದಲೇ ತೆಗೆಯುತ್ತೇನೆ, ಯಾರಿಗೂ ಆಕ್ಷೇಪ ಇಲ್ಲ ಅಲ್ವಾ?

ಭಾವ (ಮುಂಬೈ): ಇಲ್ಲ.

ತಮ್ಮ (ಬೆಂಗಳೂರು): ಇಲ್ಲ.

ಅತ್ತೆ (ಪುತ್ತೂರು): ಸೂಟ್‌ಕೇಸಿಗೆ ಜಾಗ ಇದ್ದರೆ ಇಲ್ಲ.

ಅಪ್ಪಚ್ಚಿ: ಕ್ಲಿಪ್ಪು ಸ್ಟೀಲಿನದ್ದು ತಾ ಕೂಸೇ, ತಗಡಿನದ್ದು ಒಂದು ಮಳೆಗಾಲ ಬರುವುದಿಲ್ಲ.