ಪೋಖ್ರಾಣದ ದಾರಿಯಲ್ಲಿ ಉಣಕಲ್ ಕೆರೆ

ಗದಗಿನ ತಂಗೀ, ನಮ್ಮ ಗ್ರೂಪಿನಲ್ಲಿ ನಿನ್ನ ಮೆಸೇಜು ಬೆಳಿಗ್ಗೆ ಚಹಾ ಕುಡಿಯುವಾಗ ನೋಡಿದೆ. ಮಗ-ಸೊಸೆ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಜೈಸಲ್ಮೇರಿಗೆ ಬೈಕ್ ಮೇಲೆ ಹೋಗುತ್ತಾರಂತೆ, ಮರುಭೂಮಿಯಂತೆ, ಎದೆ ಡವಡವ ಅನ್ನುತ್ತಿದೆ, ಯಾರಾದರೂ ಏನಾದರೂ ಹೇಳಿ ಅಂತ ಕೇಳಿದ್ದೀಯ. ಅದರ ಕೆಳಗೆ ಹನ್ನೊಂದು ಜನ ಕೈ ಮುಗಿದಿದ್ದಾರೆ. ಇಬ್ಬರು ಗುಲಾಬಿ ಹೂವು ಹಾಕಿದ್ದಾರೆ. ಹೇಳಿದವರು ಒಬ್ಬರೂ ಇಲ್ಲ. ಅದಕ್ಕೇ ನಾನು ಹೇಳುತ್ತೇನೆ. ಟೈಪ್ ಮಾಡುತ್ತ ಕೂತರೆ ಸಂಜೆಯಾಗುತ್ತದೆ, ಮೊಮ್ಮಗಳು ಮೈಕು ಒತ್ತಿ ಕೊಟ್ಟು ಟ್ಯೂಷನ್ನಿಗೆ ಹೋದಳು. ಪೂರ್ತಿ ಕೇಳಿ, ಅರ್ಧಕ್ಕೆ ಬಿಡಬೇಡಿ.

ನಾವು ಜೋಧಪುರದಲ್ಲಿ ಇದ್ದದ್ದು ನಿಮಗೆಲ್ಲ ಗೊತ್ತೇ ಇದೆ. ಇವರ ಬ್ಯಾಂಕಿನ ಟ್ರಾನ್ಸ್‌ಫರ್. ದೊಡ್ಡವ ಇನ್ನೂ ಹುಟ್ಟಿರಲಿಲ್ಲ. ಸಾಮಾನಿನ ಜೊತೆ ಯೆಜ್ಡಿ ಬೈಕನ್ನೂ ರೈಲಿಗೆ ಹಾಕಿಸಿಕೊಂಡು ಹೋಗಿದ್ದರು. ಮೈಸೂರಿನಲ್ಲಿ ಮಾಡಿದ ಗಾಡಿ, ಕಿಕ್ ಹೊಡೆಯುವ ಕಡ್ಡಿಯೇ ಗೇರೂ ಆಗುತ್ತಿತ್ತು, ನೆನಪಿದೆ ಅಲ್ವಾ? ಅದರ ಮೇಲೆಯೇ ಇವರ ಜೀವ. 1988ರ ಮೇ ತಿಂಗಳು, ಎರಡು ರಜೆ ಸೇರಿ ಬಂದವು. ನಡಿ, ಜೈಸಲ್ಮೇರಿನ ಕೋಟೆ ನೋಡಿ ಬರೋಣ ಅಂದರು. ಜೋಧಪುರದಿಂದ ಸುಮಾರು 280 ಕಿಲೋಮೀಟರ್. ಧಾರವಾಡದವರಿಗೆ ಬಿಸಿಲೆಂದರೆ ಏನು ಗೊತ್ತು? ನಮ್ಮಲ್ಲಿ ನಾಲ್ಕು ದಿನ ಸೆಕೆಯಾದರೆ ಐದನೇ ಸಂಜೆ ಅಡ್ಡಮಳೆ ಬರುತ್ತದೆ.

ಹನ್ನೊಂದು ಗಂಟೆಗೆ ಪೋಖ್ರಾಣ ಮುಟ್ಟಿದೆವು. 1974ರಲ್ಲಿ ಅಣುಬಾಂಬು ಸಿಡಿಸಿದರಲ್ಲ, ಅದೇ ಪೋಖ್ರಾಣ. ಢಾಬಾದವನು ನಾಲ್ಕು ಗಂಟೆಯವರೆಗೆ ಇಲ್ಲೇ ಕೂತಿರಿ ಅಂದ. ಇವರು ಕೇಳುತ್ತಾರೆಯೇ? ಇನ್ನು 110 ಕಿಲೋಮೀಟರ್, ಎರಡು ತಾಸಿನ ಮಾತು ಅಂದರು.

ಅಲ್ಲಿಯ ಗಾಳಿಗೆ ಲೂ ಅನ್ನುತ್ತಾರೆ. ಅದು ಗಾಳಿಯಲ್ಲ, ಒಲೆಯ ಬಾಯಿ. ಇವರು ಸ್ವಲ್ಪ ಗಾಳಿಯಾಡಲಿ ಅಂತ ಶರ್ಟಿನ ಗುಂಡಿ ಬಿಚ್ಚಿದರು. ಮೈಗಿಂತ ಗಾಳಿಯೇ ಬಿಸಿ ಇದ್ದರೆ ತಂಪು ಎಲ್ಲಿಂದ ಬರಬೇಕು? ಇನ್ನಷ್ಟು ಸುಡುತ್ತದೆ. ನಾನು ಹಿಂದೆ ಕೂತು ಅವರ ಬೆನ್ನು ನೋಡುತ್ತಿದ್ದೆ. ಬೆಳಿಗ್ಗೆ ನೀಲಿ ಶರ್ಟು ಒದ್ದೆಯಾಗಿತ್ತು. ಆಮೇಲೆ ಬೆನ್ನಿನ ಮೇಲೆ ಬಿಳಿ ಗೆರೆ ಮೂಡಿದವು, ಉಪ್ಪು. ಆಮೇಲೆ ಹಪ್ಪಳದ ಹಾಗೆ ಗರಿಗರಿ ಒಣಗಿತು. ಸದ್ಯ, ಬೆವರು ನಿಂತಿತು, ಹಾಯಾಗಿದ್ದಾರೆ ಅಂದುಕೊಂಡೆ. ನನ್ನಂಥ ದಡ್ಡಿ ಇರಲಿಲ್ಲ.

ಒಂದು ಗಿಡ ಇಲ್ಲ, ಮನೆ ಇಲ್ಲ, ಅಂಥ ಕಡೆ ಗಾಡಿ ನಿಧಾನ ಮಾಡಿ ಕಾಲೂರಿದರು. "ಇಳಿ, ಉಣಕಲ್ ಕೆರೆ ಬಂತು" ಅಂದರು. ಉಣಕಲ್ ಕೆರೆ ಇರುವುದು ನಮ್ಮ ಹುಬ್ಬಳ್ಳಿಯಲ್ಲಿ! ನಾನು ನಕ್ಕೆ. ದೂರದಲ್ಲಿ ಬಿಸಿಲ್ಗುದುರೆ ನೀರಿನ ಹಾಗೆ ಹೊಳೆಯುತ್ತಿತ್ತು, ಚೇಷ್ಟೆ ಮಾಡುತ್ತಿದ್ದಾರೆ ಅಂತ ತಿಳಿದೆ. ಅವರು ನಗಲಿಲ್ಲ. "ಧಾರವಾಡದ ಬಸ್ಸು ಇನ್ನೂ ಬಂದಿಲ್ಲ" ಅಂದರು. ಹಣೆ ಮುಟ್ಟಿದೆ, ರೊಟ್ಟಿ ಹಂಚು. ಒಂದು ಹನಿ ಬೆವರಿಲ್ಲ.

ಅದಕ್ಕೇ ಹೇಳುತ್ತೇನೆ, ಬೆವರು ನಿಂತರೆ ಗಾಡಿ ನಿಲ್ಲಿಸಬೇಕು. ಬೆವರು ಬರುತ್ತಿದ್ದರೂ ಮಾತು ತಪ್ಪಿದರೆ ನಿಲ್ಲಿಸಲೇಬೇಕು.

ನೀರಿನ ಕ್ಯಾನನ್ನು ಸೈಲೆನ್ಸರ್ ಕಡೆಗೆ ಕಟ್ಟಿದ್ದರು, ಅದು ಎಸರಿನ ಹಾಗೆ ಕಾದಿತ್ತು. ಅದನ್ನೇ ಬಾಯಿಗೆ ಸುರಿದೆ. ನೆತ್ತಿಗೆ ಹತ್ತಿ ಕೆಮ್ಮಿ ಕೆಮ್ಮಿ ಕಣ್ಣು ಮೇಲಾದವು. ಅಷ್ಟರಲ್ಲಿ ಆಡು ಮೇಯಿಸುವ ಮುದುಕಿಯೊಬ್ಬಳು ಎಲ್ಲಿಂದಲೋ ಬಂದಳು. ನನಗೆ ಬೈದಳು ನೋಡಿ! ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕುತ್ತಾರೇನು ಅಂತ ಇರಬೇಕು, ಅರ್ಧ ತಿಳಿಯಿತು, ಅರ್ಧ ಇಲ್ಲ. ಇಬ್ಬರೂ ಸೇರಿ ಅವರನ್ನು ಎಳೆದುಕೊಂಡು ದಿಬ್ಬದ ಹಿಂದಿನ ಖೇಜಡಿ ಮರದ ಕೆಳಗೆ ಹಾಕಿದೆವು. ಖೇಜಡಿ ಅಂದರೆ ಬೇರೆ ಏನಲ್ಲ, ನಮ್ಮ ಬನ್ನಿ. ದಸರಾದಲ್ಲಿ ಕೊಟ್ಟು ತೆಗೆದುಕೊಳ್ಳುತ್ತೇವಲ್ಲ, ಅದೇ. ಅವಳ ಮಣ್ಣಿನ ಕೊಡದಲ್ಲಿ ತಣ್ಣಗಿನ ನೀರಿತ್ತು. ನನ್ನ ಸೆರಗನ್ನು ಅದರಲ್ಲಿ ಅದ್ದಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒತ್ತಿದಳು. ಬೀಸು ಅಂತ ನನಗೆ ಕೈಸನ್ನೆ ಮಾಡಿದಳು. ಅರ್ಧ ತಾಸು ಬೀಸಿದೆ, ರಟ್ಟೆ ಬಿದ್ದುಹೋದವು. ಆಮೇಲೆ ಕಣ್ಣು ಬಿಟ್ಟು ಮೊದಲು ಏನು ಕೇಳಿದರು ಗೊತ್ತೇ? ಯೆಜ್ಡಿ ಎಲ್ಲಿ ಅಂತ! ನನ್ನನ್ನು ಕೇಳಲಿಲ್ಲ. ಮಾತು ಸರಿಯಾದ ಮೇಲೆಯೇ ಮುದುಕಿ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದಳು. ಒಂದು ಲಾರಿಯವನು ಗಾಡಿ ಸಮೇತ ನಮ್ಮನ್ನು ಪೋಖ್ರಾಣಕ್ಕೆ ಬಿಟ್ಟ, ಎರಡು ಬಾಟಲಿ ಸಲೈನ್ ಏರಿತು. ಕೋಟೆ ಇವತ್ತಿಗೂ ನೋಡಿಲ್ಲ.

ಇಷ್ಟೆಲ್ಲ ಆದ ಮೇಲೆ ಊರಿಗೆ ಬಂದು ಇವರು ಹೇಳಿದ್ದೇನು? "ನಮ್ಮಾಕೆ ಮರುಭೂಮಿಯಲ್ಲಿ ಎಚ್ಚರ ತಪ್ಪಿ ಬಿದ್ದಳು, ನಾನೇ ಹೊತ್ತು ತಂದೆ." ಮುಂಜಿಯಲ್ಲಿ ಹೇಳಿದರು, ಸೀಮಂತದಲ್ಲಿ ಹೇಳಿದರು. ಹಾವೇರಿಯ ವೈನಿ ಈಗಲೂ ನನ್ನನ್ನು ಕಂಡರೆ ನೀರು ಕೊಡಲೇನು ಅಂತ ನಗುತ್ತಾರೆ. ಗಂಡಸಿನ ಮರ್ಯಾದೆ ಅಂತ ನಾನು ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇವರು ಹೋದ ಮೇಲಾದರೂ ಹೇಳೋಣ ಅಂದರೆ ಕೇಳುವವರು ಯಾರು? ಆ ಯೆಜ್ಡಿಯನ್ನಾದರೂ ಉಳಿಸಿದರೇ? ವರ್ಷದ ತಿಥಿ ಆಗುವ ಮೊದಲೇ ಮೈದುನ ನನ್ನನ್ನು ಒಂದು ಮಾತು ಕೇಳದೆ ಮಾರಿಬಿಟ್ಟ. ಈ ಗ್ರೂಪಿನಲ್ಲೇ ಇದ್ದಾನೆ, ಕೇಳಲಿ. ಹಿತ್ತಲಲ್ಲಿ ಸುಮ್ನೆ ನಿಂತಿತ್ತು, ಯಾರಿಗೆ ಏನು ಭಾರವಾಗಿತ್ತೋ.

ತಡೆಯಿರಿ, ಕುಕ್ಕರ್ ಆರಿಸಿ ಬಂದೆ. ಏನು ಹೇಳುತ್ತಿದ್ದೆ? ಹಾಂ, ಬೆವರು. ಬೆವರು ನಿಂತರೆ ಗಾಡಿ ನಿಲ್ಲಿಸಲಿ, ಎರಡನೇ ಸಲ ಹೇಳುತ್ತಿದ್ದೇನೆ.

ಅಯ್ಯೋ, ಹೇಳಬೇಕಾದದ್ದೇ ಉಳಿಯಿತು. ತಂಗೀ, ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಮೇ ತಿಂಗಳು ಮಾತ್ರ ಬೇಡ. ಪೋಖ್ರಾಣದ ಹತ್ತಿರವೇ ಇರುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಆಗಿತ್ತು. ದೀಪಾವಳಿ ಮುಗಿಸಿ ಹೋಗಲಿ, ನವೆಂಬರಿನಿಂದ ಫೆಬ್ರುವರಿವರೆಗೆ ಚೆನ್ನ. ರಾತ್ರಿ ಚಳಿ ಇರುತ್ತದೆ, ಸ್ವೆಟರ್ ಹಾಕಿ ಕಳಿಸು. ರಸ್ತೆ ಮೇಲೆ ಹೋದರೆ 1,500 ಕಿಲೋಮೀಟರಿಗೂ ಜಾಸ್ತಿ, ಬೆನ್ನು ಮುರಿಯುತ್ತದೆ. ಬೆಂಗಳೂರು-ಜೋಧಪುರ ರೈಲು ನಮ್ಮ ಹುಬ್ಬಳ್ಳಿ ಮೇಲೆಯೇ ಹೋಗುತ್ತದಲ್ಲ, ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಮೊದಲೇ ವಿಚಾರಿಸಿ ಗಾಡಿಯನ್ನು ಕಳಿಸಲಿ. ಟ್ಯಾಂಕಿನಲ್ಲಿ ಒಂದು ತೊಟ್ಟು ಪೆಟ್ರೋಲ್ ಇರಬಾರದು, ಆರ್‌ಸಿಯ ಜೆರಾಕ್ಸ್ ಬೇಕು. ಅಲ್ಲಿ ಅರ್ಧ ಟ್ಯಾಂಕ್ ಆದ ಕೂಡಲೇ ತುಂಬಿಸಲಿ, ಮುಂದಿನ ಬಂಕ್ ನಂಬಬಾರದು. ಕುಡಿಯಲು ಲೀಟರ್ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು. ಕ್ಯಾನು ಸೈಲೆನ್ಸರ್ ಕಡೆ ಬೇಡ.

ಮತ್ತೆ ಸೊಸೆಗೆ ಹೇಳು, ಹಿಂದೆ ಕೂತವಳೇ ಬೆನ್ನು ನೋಡಬೇಕು. ಹೆಲ್ಮೆಟ್ಟಿನೊಳಗೆ ಮಾತಾಡುವ ಯಂತ್ರ ಇದೆಯಂತಲ್ಲ, ಅರ್ಧ ತಾಸಿಗೊಮ್ಮೆ ಅವನನ್ನು ಕೇಳಲಿ: ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವಾಗ ಉಣಕಲ್ ದಾಟಿದ ಮೇಲೆ ಯಾವ ಊರು? ಭೈರಿದೇವರಕೊಪ್ಪ ಅಂದರೆ ಹೋಗಲಿ. ಬೇರೆ ಏನಾದರೂ ಅಂದರೆ ಕೀಲಿ ಕಿತ್ತುಕೊಂಡು ನೆರಳಿಗೆ ಕೂರಿಸಲಿ.