‘ನಿಂದಾ’ ಅಂದರೆ ಖಂಡನೆಯೋ ವಿಷಾದವೋ? ಕನ್ನಡದಲ್ಲಿ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ನಾಲ್ಕು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ಪದ ಹೊಸದೇನಲ್ಲ, ಹಿಂದಿಯ ‘ನಿಂದಾ’. ನಮ್ಮಲ್ಲೂ ನಿಂದೆ, ನಿಂದನೆ, ನಿಂದಿಸು ಎಲ್ಲ ಇವೆ. ಆದರೂ ಕೈ ಮುಂದೆ ಹೋಗುತ್ತಿಲ್ಲ.

ಕೆಲಸ ಇಷ್ಟು. ಪದವಿ ತರಗತಿಯ ಮಕ್ಕಳಿಗಾಗಿ ರಾಜ್ಯಶಾಸ್ತ್ರದ ಒಂದು ಪಾಠವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ವಿದೇಶಾಂಗ ನೀತಿಯನ್ನು ನಿಜಕ್ಕೂ ತೀರ್ಮಾನಿಸುವವರು ಯಾರು, ಪ್ರಧಾನಿಯೋ, ಸಂಪುಟವೋ, ಸಂಸತ್ತೋ, ಬೀದಿಯಲ್ಲಿರುವ ಜನರೋ ಅನ್ನುವುದು ಪಾಠದ ವಿಷಯ. ಉದಾಹರಣೆಗೆ 2003ರ ಇರಾಕ್ ಯುದ್ಧವನ್ನು ತೆಗೆದುಕೊಂಡಿದ್ದಾರೆ. ನಮ್ಮ ಲೋಕಸಭೆ ಆ ಯುದ್ಧದ ಬಗ್ಗೆ ಮಾಡಿದ ನಿರ್ಣಯ ಅದರಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ‘ಡಿಪ್ಲೋರ್’ ಎಂದಿದೆ, ಅಂದರೆ ನಡೆದದ್ದು ಸರಿಯಲ್ಲ ಎನ್ನುವುದು, ಆದರೆ ಖಂಡನೆಗಿಂತ ಒಂದು ಮೆಟ್ಟಿಲು ಕೆಳಗೆ. ನಾನು ಸಲೀಸಾಗಿ ‘ಖಂಡಿಸಿತು’ ಎಂದು ಬರೆದು ಮುಂದಿನ ಪುಟಕ್ಕೆ ಹೋಗಿದ್ದೆ. ರಾತ್ರಿ ಮಲಗಿದ ಮೇಲೆ ತಲೆಗೆ ಹೊಳೆಯಿತು. ಆ ‘ಖಂಡಿಸಿತು’ ಬರಬಾರದು ಅಂತಲೇ ಅಲ್ವಾ ಅವತ್ತು ಅಷ್ಟೊಂದು ಎಳೆದಾಟ ನಡೆದದ್ದು!

ಮರೆತವರಿಗೆ ಕಥೆ ಹೇಳುತ್ತೇನೆ. 2003ರ ಮಾರ್ಚ್ 20ರಂದು ಅಮೆರಿಕ ಮತ್ತು ಅದರ ಜೊತೆಗಾರರು ಇರಾಕಿನ ಮೇಲೆ ದಾಳಿ ಶುರು ಮಾಡಿದರು. ದೆಹಲಿಯಲ್ಲಿ ವಾಜಪೇಯಿ ಸರ್ಕಾರ. ಸಂಸತ್ತು ಒಂದು ನಿರ್ಣಯ ಮಾಡಲೇಬೇಕು ಎಂದು ಕಾಂಗ್ರೆಸ್ಸು, ಎಡಪಕ್ಷಗಳು ಪಟ್ಟು ಹಿಡಿದವು. ಅದರಲ್ಲಿ ‘ಕಂಡೆಮ್’, ಅಂದರೆ ಖಂಡಿಸು, ಎಂಬ ಪದವೇ ಇರಬೇಕು ಎಂದು ಅವರ ಹಟ. ಸರ್ಕಾರಕ್ಕೆ ಅದು ಬೇಡ. ವಾಷಿಂಗ್ಟನ್ ಜೊತೆ ಸಂಬಂಧ ಆಗಷ್ಟೇ ಚಿಗುರುತ್ತಿತ್ತು. ಹಾಗಂತ ಸುಮ್ಮನಿರುವ ಹಾಗೂ ಇರಲಿಲ್ಲ, ಜನ ಯುದ್ಧದ ವಿರುದ್ಧ ಇದ್ದರು. ಆದ್ದರಿಂದ ‘ಡಿಪ್ಲೋರ್’ ಸಾಕು ಎಂದರು. ಎರಡು ಇಂಗ್ಲಿಷ್ ಪದಗಳ ನಡುವೆ ದೇಶದ ವಿದೇಶಾಂಗ ನೀತಿ ಸಿಕ್ಕಿಹಾಕಿಕೊಂಡಿತು.

ಕೊನೆಗೆ ದಾರಿ ತೋರಿಸಿದ್ದು ಹಿಂದಿ. ನಿರ್ಣಯದ ಹಿಂದಿ ಪಾಠದಲ್ಲಿ ‘ನಿಂದಾ’ ಎಂದು ಹಾಕಿದರು. ಇಂಗ್ಲಿಷ್ ಪಾಠದಲ್ಲಿ ‘ಡಿಪ್ಲೋರ್’ ಉಳಿಯಿತು. ನಾವು ಖಂಡಿಸಿದ್ದೇವೆ, ಹಿಂದಿ ನೋಡಿ ಎಂದು ವಿರೋಧ ಪಕ್ಷ ಹೇಳಬಹುದು. ಅಷ್ಟೇನೂ ಕಟುವಾಗಿ ಹೇಳಿಲ್ಲ, ಇಂಗ್ಲಿಷ್ ನೋಡಿ ಎಂದು ಸರ್ಕಾರ ಹೇಳಬಹುದು. ಏಪ್ರಿಲ್ 8ರಂದು ಲೋಕಸಭೆ ಒಮ್ಮತದಿಂದ ಅಂಗೀಕರಿಸಿತು. ಮರುದಿನವೇ ಬಾಗ್ದಾದಿನ ಫಿರ್ದೌಸ್ ಚೌಕದಲ್ಲಿ ಸದ್ದಾಂ ಪ್ರತಿಮೆ ಉರುಳಿತು, ಅದು ಬೇರೆ ಮಾತು.

ಈಗ ನನ್ನ ಕಷ್ಟ ಗೊತ್ತಾಯಿತಲ್ಲ? ಕನ್ನಡದಲ್ಲಿ ‘ಖಂಡಿಸಿತು’ ಎಂದರೆ ನಾನು ವಿರೋಧ ಪಕ್ಷದ ಬೆಂಚಿನಲ್ಲಿ ಕೂತ ಹಾಗೆ. ‘ವಿಷಾದ ವ್ಯಕ್ತಪಡಿಸಿತು’ ಎಂದರೆ ಸರ್ಕಾರಕ್ಕಿಂತಲೂ ಮೆತ್ತಗಾದ ಹಾಗೆ. ಅವರು ಬೇಕೆಂದೇ ಎರಡು ಬಾಗಿಲು ಇಟ್ಟು ಕಟ್ಟಿದ ಮನೆಗೆ ನಾನು ಒಂದು ಬಾಗಿಲು ಮುಚ್ಚಿ ಬೀಗ ಹಾಕಿದ ಹಾಗಾಗುತ್ತದೆ.

ಹಾಗಾದರೆ ‘ನಿಂದಿಸಿತು’ ಎಂದೇ ಬರೆದರೆ? ಬರೆದು ನೋಡಿದೆ. ‘ಇರಾಕಿನ ಮೇಲಿನ ದಾಳಿಯನ್ನು ಲೋಕಸಭೆ ನಿಂದಿಸಿತು.’ ಮನೆಯಲ್ಲಿ ಓದಿ ಹೇಳಿದೆ. “ಏನು, ಬೈದರಾ?” ಎಂದು ಕೇಳಿದರು. ಸರಿಯಾದ ಪ್ರಶ್ನೆ. ಕನ್ನಡದಲ್ಲಿ ನಿಂದೆಯ ದಾರಿಯೇ ಬೇರೆ. ನ್ಯಾಯಾಂಗ ನಿಂದನೆ ಅನ್ನುತ್ತೇವೆ, ಹಿಂದಿಯವರು ಅದಕ್ಕೆ ‘ಅವಮಾನನಾ’ ಅನ್ನುತ್ತಾರೆ. ಜಾತಿ ನಿಂದನೆ ಅನ್ನುತ್ತೇವೆ. ದೈವನಿಂದೆ, ಪರನಿಂದೆ ಇವೆ. ದೇವರನ್ನು ಬೈಯುತ್ತಲೇ ಹೊಗಳುವ ನಿಂದಾಸ್ತುತಿ ದಾಸರ ಹಾಡುಗಳಲ್ಲಿ ಇದೆ. ಎಲ್ಲ ಕಡೆಯೂ ಒಂದು ಎಳೆ ಸಮಾನ: ಒಬ್ಬರ ಮಾನಕ್ಕೆ ಕೈ ಹಾಕುವುದು. ನಡೆದ ಕೃತ್ಯವೊಂದನ್ನು ತಪ್ಪು ಎಂದು ಹೇಳುವುದಕ್ಕೆ ನಾವು ಈ ಪದ ಬಳಸುವುದು ಕಡಿಮೆ. ವ್ಯಕ್ತಿಯನ್ನು ನಿಂದಿಸುತ್ತೇವೆ, ಕೃತ್ಯವನ್ನು ಖಂಡಿಸುತ್ತೇವೆ. ಹಿಂದಿಯಲ್ಲಿ ಎರಡಕ್ಕೂ ‘ನಿಂದಾ’ ನಡೆಯುತ್ತದೆ. ಅಕ್ಷರ ಅದೇ, ಸಂಸ್ಕೃತ ಬೇರೂ ಅದೇ. ಆದರೆ ಎರಡು ಊರಿನಲ್ಲಿ ಬೆಳೆದ ಅಣ್ಣ ತಮ್ಮಂದಿರ ಹಾಗೆ ಸ್ವಭಾವ ಬೇರೆ ಬೇರೆ.

ಖಂಡಿಸು ಪದವನ್ನೂ ಸ್ವಲ್ಪ ನೋಡಿ. ಖಂಡ ಅಂದರೆ ತುಂಡು. ಶಾಸ್ತ್ರದ ವಾದದಲ್ಲಿ ಖಂಡನೆ ಅಂದರೆ ಎದುರಾಳಿಯ ಮಾತನ್ನು ಕಡಿದು ಹಾಕುವುದು, ಮಂಡನೆಗೆ ಎದುರು. ‘ಖಂಡಿತ’, ‘ಖಡಾಖಂಡಿತ’ ಬಂದದ್ದೂ ಈ ಬೇರಿನಿಂದಲೇ. ಅಂದರೆ ಇದು ಕತ್ತಿಯಂಥ ಪದ. ಆದರೆ ಪತ್ರಿಕೆಗಳಲ್ಲಿ ದಿನಾ ಬೀಸಿ ಬೀಸಿ ಮೊಂಡಾಗಿದೆ. ಬಸ್ ದರ ಏರಿದರೂ ‘ತೀವ್ರವಾಗಿ ಖಂಡಿಸಿದರು’, ಬಾಂಬ್ ಸಿಡಿದರೂ ಅದೇ. ಹಿಂದಿಯಲ್ಲಿ ‘ಕಡೀ ನಿಂದಾ’ ಅನ್ನುವುದು ಈಗ ತಮಾಷೆಯ ಮಾತೇ ಆಗಿಬಿಟ್ಟಿದೆ: ಏನೂ ಮಾಡದವರು ಕೊಡುವ ಹೇಳಿಕೆ ಅಂತ ಅರ್ಥ. ರಾಜತಾಂತ್ರಿಕರ ಲೋಕದಲ್ಲಿ ಮಾತ್ರ ಮೆಟ್ಟಿಲುಗಳು ಇನ್ನೂ ಗಟ್ಟಿಯಾಗಿವೆ. ಕಳವಳ ಒಂದು ಮೆಟ್ಟಿಲು, ತೀವ್ರ ಕಳವಳ ಇನ್ನೊಂದು, ವಿಷಾದ ಮತ್ತೊಂದು, ಖಂಡನೆ ಎಲ್ಲಕ್ಕಿಂತ ಮೇಲೆ. ನಡುವೆ ಒಂದು ಮೆಟ್ಟಿಲು ನಮ್ಮ ಭಾಷೆಯಲ್ಲಿ ಕಾಣುತ್ತಿಲ್ಲ. ‘ಡಿಪ್ಲೋರ್’ ಕೂರಬೇಕಾದ ಜಾಗ ಅದೇ.

ನಾನು ಹುಡುಕಿದ ಪದಗಳನ್ನು ಹೇಳುತ್ತೇನೆ. ‘ಆಕ್ಷೇಪ’ ಕಚೇರಿಯ ಕಾಗದದ ಪದವಾಯಿತು, ಮನೆ ಕಟ್ಟಲು ಪಕ್ಕದವರ ಆಕ್ಷೇಪವಿಲ್ಲ ಅನ್ನುವ ಹಾಗೆ. ‘ಅಸಮಾಧಾನ’ ಅಂದರೆ ಸಚಿವ ಸ್ಥಾನ ಸಿಗದ ಶಾಸಕರ ನೆನಪಾಗುತ್ತದೆ. ‘ಧಿಕ್ಕಾರ’ ಘೋಷಣೆಗೆ ಸರಿ, ನಿರ್ಣಯಕ್ಕಲ್ಲ. ‘ಬೇಸರ’ ನನಗೆ ತುಂಬಾ ಇಷ್ಟವಾಯಿತು. ಯಾಕೆಂದರೆ ಅದು ಎಷ್ಟು ಬಾಗಿಲಿನ ಪದ ನೋಡಿ! ಹೊತ್ತು ಹೋಗದಿದ್ದರೂ ಬೇಸರ, ದುಃಖವಾದರೂ ಬೇಸರ, ಮದುವೆ ಮನೆಯಲ್ಲಿ ಸರಿಯಾಗಿ ಮಾತಾಡಿಸದಿದ್ದರೂ ಬೇಸರ. “ನಮಗೇನೂ ಬೇಸರ ಇಲ್ಲಪ್ಪಾ” ಎಂದು ಬೀಗರು ಹೇಳಿದರೆ ಬೆಟ್ಟದಷ್ಟು ಇದೆ ಅಂತಲೇ ಲೆಕ್ಕ. ಆದರೆ ಲೋಕಸಭೆಗೆ ಬೇಸರವಾಯಿತು ಎಂದು ಬರೆದರೆ ಮಕ್ಕಳು ನಗುತ್ತಾರೆ.

ಉಳಿದದ್ದು ಎರಡು ಅಚ್ಚಗನ್ನಡ ಪದ. ‘ತೆಗಳು’ ಮತ್ತು ‘ಹಳಿ’. ಹೊಗಳುವುದಕ್ಕೆ ಎದುರು ತೆಗಳುವುದು. ಬಳಕೆಯಲ್ಲಿ ಅದೂ ನಿಂದೆಯ ಪಕ್ಕಕ್ಕೇ ವಾಲುತ್ತದೆ. ‘ಹಳಿ’ ಹಳಗನ್ನಡದ ‘ಪೞಿ’ಯಿಂದ ಬಂದದ್ದು, ತಮಿಳಿನಲ್ಲೂ ಇದರ ಒಡಹುಟ್ಟಿದ ಪದ ಇದೆ. ತಪ್ಪು ಹೊರಿಸುವುದು, ದೂರುವುದು ಎಂಬ ಅರ್ಥ. ‘ಲೋಕಸಭೆ ಈ ದಾಳಿಯನ್ನು ಹಳಿಯಿತು.’ ಎಷ್ಟು ಜೋರಾಗಿ ಹಳಿಯಿತು ಎಂಬುದು ಪದದಲ್ಲಿಲ್ಲ, ಓದುವವರಿಗೆ ಬಿಟ್ಟದ್ದು. ನನಗೆ ಬೇಕಾದದ್ದೂ ಅದೇ. ತೊಂದರೆ ಏನೆಂದರೆ ಇದನ್ನು ನಾಮಪದ ಮಾಡುವುದು ಹೇಗೆ? ‘ಹಳಿಕೆ’? ‘ಹಳಿವು’? ‘ಹಳಿ ನಿರ್ಣಯ’ ಎಂದರಂತೂ ರೈಲ್ವೆ ಬಜೆಟ್ ಅಂದುಕೊಳ್ಳುತ್ತಾರೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಎಂದು ಕೇಳಬಹುದು. ಕೆಡಿಸಿಕೊಳ್ಳಬೇಕು ಅನ್ನುತ್ತೇನೆ, ಯಾಕೆಂದರೆ ಆ ಪದ ಸುಮ್ನೆ ಕಾಗದದಲ್ಲಿ ಉಳಿಯಲಿಲ್ಲ. ಅದೇ ಬೇಸಿಗೆಯಲ್ಲಿ ಇರಾಕಿನಲ್ಲಿ ಕಾವಲಿಗೆಂದು ಅಮೆರಿಕ ನಮ್ಮ ಸೈನ್ಯ ಕೇಳಿತು. ಒಂದು ಡಿವಿಷನ್, ಸುಮಾರು 17,000 ಸೈನಿಕರು. ನಮ್ಮಲ್ಲಿ ವಿದೇಶಾಂಗ ವಿಷಯ ಸರ್ಕಾರದ ಕೈಯಲ್ಲಿರುವುದು. ಸೈನ್ಯ ಕಳಿಸಲು ಸಂಸತ್ತಿನ ಅಪ್ಪಣೆ ಬೇಕೆಂಬ ಕಾನೂನಿಲ್ಲ. ಭದ್ರತೆಯ ಸಂಪುಟ ಸಮಿತಿಯ ಐವರು ಮಂತ್ರಿಗಳು ಹೂಂ ಅಂದರೆ ಸಾಕಿತ್ತು: ವಾಜಪೇಯಿ, ಅಡ್ವಾಣಿ, ಜಸ್ವಂತ್ ಸಿಂಗ್, ಯಶವಂತ ಸಿನ್ಹಾ, ಮತ್ತೆ ರಕ್ಷಣಾ ಮಂತ್ರಿಯಾಗಿದ್ದ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಒಳಗೇ ಎರಡು ಅಭಿಪ್ರಾಯ ಇದ್ದವು. ಆದರೆ ಏಪ್ರಿಲಿನಲ್ಲಿ ಇಡೀ ಸದನ ‘ನಿಂದಾ’ ಎಂದ ಯುದ್ಧಕ್ಕೆ ಜುಲೈನಲ್ಲಿ ಕಾವಲು ಕಾಯಲು ಹೋಗುವುದು ಹೇಗೆ? ಸೋನಿಯಾ ಗಾಂಧಿ ಬೇಡವೆಂದು ಪ್ರಧಾನಿಗೆ ಪತ್ರ ಬರೆದರು. ವರ್ಷದ ಕೊನೆಗೆ ಮಧ್ಯಪ್ರದೇಶ, ರಾಜಸ್ಥಾನದಂಥ ರಾಜ್ಯಗಳ ಚುನಾವಣೆ ಬೇರೆ ಇತ್ತು. ಗಲ್ಫಿನಲ್ಲಿ ದುಡಿಯುವ ಲಕ್ಷಾಂತರ ಜನರ ಮನೆಗಳು ಇಲ್ಲಿದ್ದವು. ಉಡುಪಿ, ಭಟ್ಕಳ ಕಡೆ ಕೊಲ್ಲಿಯ ಯುದ್ಧ ಅಂದರೆ ವಿದೇಶದ ಸುದ್ದಿಯಲ್ಲ, ಮನೆ ಸುದ್ದಿ. 1990ರಲ್ಲಿ ಕುವೈತಿನಿಂದ ಬರಿಗೈಯಲ್ಲಿ ವಿಮಾನ ಹತ್ತಿ ಬಂದವರ ನೆನಪು ಇನ್ನೂ ಹಸಿಯಾಗಿತ್ತು.

ದೆಹಲಿಯಲ್ಲಿ ಒಂದು ಕಥೆ ಓಡಾಡುತ್ತದೆ. ವಾಜಪೇಯಿ ಎಡಪಕ್ಷದ ಮುಖಂಡರನ್ನು ಕರೆದು, ನೀವು ವಿರೋಧಿಸುವುದು ನನ್ನ ಕಿವಿಗೆ ಸರಿಯಾಗಿ ಕೇಳಿಸುತ್ತಿಲ್ಲವಲ್ಲ ಎಂದರಂತೆ. ಇನ್ನೂ ಜೋರಾಗಿ ಕೂಗಿ, ನನಗೆ ಬೇಡ ಅನ್ನಲು ಅನುಕೂಲವಾಗುತ್ತದೆ ಎಂದು ಅದರ ಅರ್ಥ. ಕಥೆ ನಿಜವೋ ಸುಳ್ಳೋ, ಪಾಠದ ವಿಷಯವಂತೂ ಅದರಲ್ಲಿ ಅಡಗಿದೆ.

ಜುಲೈ 14ರಂದು ಸಮಿತಿ ತೀರ್ಮಾನ ಹೇಳಿತು. ಅದರಲ್ಲೂ ‘ಇಲ್ಲ’ ಎಂಬ ಪದ ಇಲ್ಲ! ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಬಂದರೆ ಸೈನ್ಯ ಕಳಿಸುವ ವಿಷಯವನ್ನು ಪರಿಶೀಲಿಸಬಹುದು ಎಂದರು. ಇದಕ್ಕಾದರೂ ಕನ್ನಡದಲ್ಲಿ ಕಷ್ಟವಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ದಿನಾ ಹೇಳುವುದು ಇದನ್ನೇ: “ನೋಡೋಣ.” ನೋಡೋಣ ಅಂದರೆ ಏನೆಂದು ಸೈಕಲ್ ಕೇಳಿದ ಯಾವ ಹುಡುಗನಿಗಾದರೂ ಗೊತ್ತು. ಪಠ್ಯಕ್ಕೆ ‘ಪರಿಶೀಲಿಸಬಹುದು’ ಎಂದೇ ಹಾಕಿದ್ದೇನೆ, ಗಾಬರಿ ಬೇಡ.

ಅರ್ಥದ ಇಂಥ ಮಸುಕು ಕೆಲವೊಮ್ಮೆ ಕನ್ನಡದಲ್ಲಿ ಪುಕ್ಕಟೆ ಸಿಗುತ್ತದೆ. 1967ರ ಅರಬ್-ಇಸ್ರೇಲ್ ಯುದ್ಧದ ನಂತರ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮಾಡಿದ 242ನೇ ನಿರ್ಣಯ ನೋಡಿ. ಇಸ್ರೇಲ್ ಸೇನೆ ವಶಪಡಿಸಿಕೊಂಡ ಪ್ರದೇಶಗಳಿಂದ ಹಿಂದೆ ಸರಿಯಬೇಕು ಎಂಬ ಕಡೆ ಇಂಗ್ಲಿಷ್ ಪಾಠದಲ್ಲಿ ‘ಟೆರಿಟರೀಸ್’ (ಪ್ರದೇಶಗಳು) ಮುಂದೆ ‘ದ’ (the) ಇಲ್ಲ. ಎಲ್ಲ ಪ್ರದೇಶಗಳೋ, ಕೆಲವೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಫ್ರೆಂಚ್ ಪಾಠ ಎಲ್ಲವನ್ನೂ ಎಂಬ ಕಡೆಗೆ ವಾಲುತ್ತದೆ. ಕನ್ನಡದಲ್ಲಿ ‘ಪ್ರದೇಶಗಳಿಂದ’ ಎಂದರೆ ಮುಗಿಯಿತು, ಎಲ್ಲವೂ ಹೌದು, ಕೆಲವೂ ಹೌದು. ಅಲ್ಲಿ ಅಷ್ಟು ಉದಾರವಾದ ಭಾಷೆ ‘ನಿಂದಾ’ ಬಳಿ ಬಂದಾಗ ಕೈ ಕೊಟ್ಟಿತಲ್ಲ ಎಂದು ನನಗೆ ಬೇಜಾರು.

ಹೇಗೂ ಬರೆಯುತ್ತಿದ್ದೇನೆ, ಇನ್ನೆರಡು ಸಣ್ಣ ಪ್ರಶ್ನೆ.

ಮೊದಲನೆಯದು ‘ಪಬ್ಲಿಕ್ ಒಪೀನಿಯನ್’. ಹಿಂದಿಯವರು ‘ಜನಮತ’ ಅನ್ನುತ್ತಾರೆ. ನಮ್ಮಲ್ಲಿ ಮತ ಅಂದರೆ ಓಟು, ಮತ ಅಂದರೆ ಧರ್ಮ, ಅಭಿಪ್ರಾಯ ಮೂರನೆಯದು. ಜನಮತ ಎಂದ ತಕ್ಷಣ ‘ಜನಮತ ಗಣನೆ’ ನೆನಪಾಗುತ್ತದೆ, ಕಾಶ್ಮೀರದ ಮಾತು ಬರುವ ಪಾಠದಲ್ಲಿ ಆ ಗೊಂದಲ ಬೇಡವೇ ಬೇಡ. ‘ಜನಾಭಿಪ್ರಾಯ’ ಹಾಕಿದ್ದೇನೆ. ಬೇರೆ ಇದ್ದರೆ ಹೇಳಿ.

ಎರಡನೆಯದು ವಿಶ್ವಸಂಸ್ಥೆಯ ಮತದಾನ. 2022ರ ಮಾರ್ಚ್ 2ರಂದು ಉಕ್ರೇನ್ ಕುರಿತ ನಿರ್ಣಯಕ್ಕೆ 141 ದೇಶಗಳು ಪರ, 5 ವಿರೋಧ. ಭಾರತವೂ ಸೇರಿ 35 ದೇಶಗಳು ಪರವೂ ಇಲ್ಲ, ವಿರೋಧವೂ ಇಲ್ಲ. ಕನ್ನಡ ಸುದ್ದಿಗಳಲ್ಲಿ ಇದಕ್ಕೆ ‘ಗೈರು’ ಎಂಬ ಬಳಕೆ ಇದೆ. ಆದರೆ ಅವತ್ತು ಮತವನ್ನೇ ಹಾಕದ ದೇಶಗಳು ಬೇರೆ 12 ಇದ್ದವು, ಗೈರು ಎಂದರೆ ಅವು. ಭಾರತ ಹಾಜರಿತ್ತು, ಎರಡೂ ಕಡೆ ಸೇರಲಿಲ್ಲ ಅಷ್ಟೇ. ‘ತಟಸ್ಥ’ ಎನ್ನಬಹುದು, ದಡದ ಮೇಲೆ ನಿಂತವರು. ಆದರೆ ಯುದ್ಧದಲ್ಲೇ ತಟಸ್ಥ ಎಂಬ ಅರ್ಥಕ್ಕೂ ಅದನ್ನೇ ಬಳಸುತ್ತೇವೆ, ನಮ್ಮ ಸರ್ಕಾರ ಆ ಮಾತನ್ನು ಒಪ್ಪಲಿಕ್ಕಿಲ್ಲ. ಸದ್ಯಕ್ಕೆ ‘ಮತ ಹಾಕದೆ ಉಳಿಯಿತು’ ಎಂದು ಉದ್ದಕ್ಕೆ ಬರೆದಿದ್ದೇನೆ. ಓದಿ ನೋಡಿದರೆ ಅದೂ ಆ 12 ದೇಶಗಳಿಗೇ ಹೊಂದುತ್ತದೆ.

ಮುಖ್ಯ ಪ್ರಶ್ನೆ ಮರೆಯಬೇಡಿ. ತಪ್ಪು ಎನ್ನಬೇಕು, ಎಷ್ಟು ತಪ್ಪು ಎಂದು ಹೇಳಬಾರದು, ಬೈದ ಹಾಗೆ ಕೇಳಿಸಬಾರದು. ನಿಮ್ಮ ಕಡೆ ಪಂಚಾಯ್ತಿ ಕಟ್ಟೆಯಲ್ಲೋ ಬೀಗರ ಜಗಳದಲ್ಲೋ ಇಂಥ ಪದವೊಂದು ಓಡಾಡುತ್ತಿದ್ದರೆ ದಯವಿಟ್ಟು ತಿಳಿಸಿ. ‘ಹಳಿ’ಯಿಂದ ನಾಮಪದ ಕಟ್ಟಬಲ್ಲವರು ಕಟ್ಟಿಕೊಡಿ. ಇನ್ನೊಂದು ಸಹಾಯ. ಯಾರ ಮನೆಯ ಅಟ್ಟದಲ್ಲಾದರೂ 2003ರ ಏಪ್ರಿಲ್ 9ರ ಕನ್ನಡ ಪತ್ರಿಕೆ ಉಳಿದಿದ್ದರೆ ಮೊದಲ ಪುಟದ ಫೋಟೊ ಕಳಿಸಿ. ಅವತ್ತು ರಾತ್ರಿ ಡೆಸ್ಕಿನಲ್ಲಿ ಕೂತಿದ್ದ ಉಪಸಂಪಾದಕರು ತಲೆಬರಹಕ್ಕೆ ಏನು ಬರೆದರೋ ನೋಡಬೇಕು. ಪಾಠ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ.